ದಿವಂಗತ ಸಿ. ಅಶ್ವತ್ಥರು: ಚಲಚ್ಚಿತ್ರ ಸಂಗೀತದಲ್ಲಿ ಕಾವ್ಯದ ಸ್ಥಾನ

ಚಲಚ್ಚಿತ್ರ ಸಂಗೀತವೆಂದೊಡನೆ ವಿದ್ವಜ್ಜನರಲ್ಲಿ ಅನೇಕರು ಅದನ್ನು ಕೇವಲ ಕಾಲಹರಣದ ಸಾಧನವೆಂದು ಭಾವಿಸುವುದುಂಟು. ಈ ಅಭಿಪ್ರಾಯಕ್ಕೆ ಕಾರಣವಿಲ್ಲದೆ ಇಲ್ಲ. ಆ ಉದ್ಯಮದಲ್ಲಿ ಬಹುಮಟ್ಟಿಗೆ ಮಟ್ಟು ಮೊದಲು ಸಿದ್ಧವಾಗಿ, ತರುವಾಯ ಅದರ ಅಳತೆಗೆ ಮಾತುಗಳನ್ನು ಹೊಂದಿಸುವ ವಾಡಿಕೆ ಬೆಳೆದಿದೆ. ಹೀಗಿರುವಲ್ಲಿ ಅರ್ಥವು ನಾದದ ಹಿಂದೆ ಸೇವಕನಂತೆ ನಡೆಯುವುದು ಅನಿವಾರ್ಯ. ಈ ಕ್ರಮವನ್ನು ತಲೆಕೆಳಗು ಮಾಡಿ, ಕವಿಯ ನುಡಿಯೇ ಒಡೆಯ, ನಾದವು ಅದರ ಪರಿಚಾರಕ ಎಂಬ ತತ್ತ್ವವನ್ನು ಬಾಳಿನುದ್ದಕ್ಕೂ ಆಚರಿಸಿದವರು ಸಿ. ಅಶ್ವತ್ಥರು. ಅವರು ಕಾಲವಾಗಿ ಒಂದೂವರೆ ದಶಕಕ್ಕೂ ಮೀರಿದೆ. ಅವರ ಸಾಧನೆಯನ್ನು ಸಮಚಿತ್ತದಿಂದ ಪರಿಶೀಲಿಸಲು ಇದು ಯೋಗ್ಯ ಕಾಲವೆಂದು ನಮ್ಮ ಭಾವನೆ.

ಅಶ್ವತ್ಥರು 1939ನೆಯ ಇಸವಿ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದರು. ದೇವಗಿರಿ ಶಂಕರರಾಯರಲ್ಲಿ ಹಿಂದೂಸ್ಥಾನಿ ಸಂಗೀತದ ಶಿಕ್ಷಣವಾಯಿತು. ಆದರೆ ಅವರ ಜೀವನೋಪಾಯವು ಸಂಗೀತವಾಗಿರಲಿಲ್ಲ. ಬೆಂಗಳೂರಿನಿಂದ ಹೊಸಕೋಟೆಯ ಕಡೆಗೆ ಸಾಗುವ ಹಳೆಯ ಮದರಾಸು ರಸ್ತೆಯ ಪಕ್ಕದಲ್ಲಿ, ದೂರವಾಣಿನಗರವೆಂಬ ಹೆಸರಿಗೆ ಕಾರಣವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು 1948ರಲ್ಲಿ ಸ್ಥಾಪಿತವಾಯಿತಷ್ಟೆ. ಆ ಸಂಸ್ಥೆಯಲ್ಲಿ ಅಶ್ವತ್ಥರು ಇಪ್ಪತ್ತೇಳು ವರ್ಷಗಳ ಕಾಲ ಉದ್ಯೋಗದಲ್ಲಿದ್ದರು. ನೌಕರಿಯ ನಿಯಮಿತ ಹೊತ್ತು ಮುಗಿದ ಬಳಿಕ ಉಳಿಯುವ ಅವಕಾಶದಲ್ಲಿಯೇ ಅವರು ನಾಟಕಗಳಿಗೆ ಹಾಡುಗಳನ್ನು ಅಣಿಗೊಳಿಸಿದರು. ಕವಿತೆಗಳನ್ನು ಓದಿ ಮನನ ಮಾಡಿದರು. ಕಛೇರಿಯ ಕೆಲಸದಿಂದ ಕಲೆಗೆ ಎಡೆಯಿಲ್ಲವೆಂದು ಕೊರಗುವ ನಮ್ಮ ಅಧಿಕಾರಿವರ್ಗದವರು ಈ ಸಂಗತಿಯನ್ನು ಗಮನಿಸತಕ್ಕುದು.

ರಂಗಭೂಮಿಯೇ ಅವರ ನಿಜವಾದ ಪಾಠಶಾಲೆ. ನಾಟಕದ ಹಾಡನ್ನು ಪ್ರೇಕ್ಷಕನು ಒಮ್ಮೆ ಮಾತ್ರ ಕೇಳುತ್ತಾನೆ. ಆ ಒಮ್ಮೆಗೇ ಅದರ ಅರ್ಥವು ಅವನಿಗೆ ತಲಪಬೇಕು. ಅಲ್ಲಿ ಉಚ್ಚಾರಣೆಯು ಅಸ್ಪಷ್ಟವಾದರೆ ಎಷ್ಟು ಮಧುರವಾದ ರಾಗವೂ ವ್ಯರ್ಥ. ಈ ಶಿಸ್ತನ್ನು ಅವರು ಚಲಚ್ಚಿತ್ರಕ್ಕೂ ಕೊಂಡೊಯ್ದರು. 1970ರ ದಶಕದ ಉತ್ತರಾರ್ಧದಲ್ಲಿ, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಾಟಕವನ್ನು ಆಧರಿಸಿ ಸಿ. ಆರ್. ಸಿಂಹರು ನಿರ್ದೇಶಿಸಿದ ಕಾಕನಕೋಟೆ ಚಿತ್ರದಿಂದ ಅವರ ಚಲಚ್ಚಿತ್ರ ಜೀವನವು ಆರಂಭವಾಯಿತು. ಅನಂತರ ಪಿಟೀಲು ವಿದ್ವಾಂಸರ ಮನೆತನದಲ್ಲಿ ಹುಟ್ಟಿದ ಎಲ್. ವೈದ್ಯನಾಥನ್ ಅವರೊಡಗೂಡಿ, ಅಶ್ವತ್ಥ್-ವೈದಿ ಎಂಬ ಜೋಡಿ ಹೆಸರಿನಿಂದ ಹಲವು ಚಿತ್ರಗಳಿಗೆ ಸಂಗೀತವನ್ನೊದಗಿಸಿದರು. 1981ರ ಆಲೆಮನೆ ಚಿತ್ರದಲ್ಲಿ ದೊಡ್ಡರಂಗೇಗೌಡರ ಗ್ರಾಮೀಣ ನುಡಿಗೆ ದೊರೆತ ಮಟ್ಟು ಇಂದಿಗೂ ಜನರ ಬಾಯಲ್ಲಿದೆ.

ಆದರೆ ಅವರ ಪ್ರತಿಭೆಯ ಪೂರ್ಣ ಸ್ವರೂಪವು ಪ್ರಕಟವಾದುದು ಟಿ. ಎಸ್. ನಾಗಾಭರಣರ ಚಿತ್ರಗಳಲ್ಲಿ. 1990ರ ಸಂತ ಶಿಶುನಾಳ ಶರೀಫ, 1992ರ ಮೈಸೂರು ಮಲ್ಲಿಗೆ, 1993ರ ಚಿನ್ನಾರಿ ಮುತ್ತ, 1997ರ ನಾಗಮಂಡಲ, ಇವುಗಳಲ್ಲಿ ಮೊದಲೆರಡರ ಮಹತ್ತ್ವವು ವಿಶೇಷವಾದುದು. ಶರೀಫರು 1819ರಿಂದ 1889ರವರೆಗೆ ಬಾಳಿದ ಅನುಭಾವಿ. ಅವರ ಪದಗಳು ಧಾರವಾಡ ಸೀಮೆಯ ಆಡುನುಡಿಯಲ್ಲಿ ಹುಟ್ಟಿದವು. ಅಶ್ವತ್ಥರಾದರೋ ಹಳೆಯ ಮೈಸೂರಿನವರು. ಸೋರುವ ಮಾಳಿಗೆಯನ್ನು ಅಜ್ಞಾನಕ್ಕೆ ಹೋಲಿಸಿದ ಪದವನ್ನು ಅವರು ಹಾಡುವಾಗ, ಮೆಲ್ಲನೆಯ ಅಳಲು ಕ್ರಮವಾಗಿ ಏರಿ ಕೊನೆಗೆ ಎಚ್ಚರಿಕೆಯ ಕೂಗಾಗುವುದನ್ನು ಕೇಳಿದವರು ಮರೆಯಲಾರರು. ಅಲ್ಲಿ ಪ್ರತಿಯೊಂದು ಏರಿಳಿತಕ್ಕೂ ಅರ್ಥವೇ ಕಾರಣ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯು ಆ ಚಿತ್ರಕ್ಕೆ ಸಂದಿತು.

ಮೈಸೂರು ಮಲ್ಲಿಗೆಯ ವಿಷಯ ಬೇರೆ. ಕೆ. ಎಸ್. ನರಸಿಂಹಸ್ವಾಮಿಗಳ ಆ ಕವನಸಂಗ್ರಹವು 1942ರಲ್ಲಿ ಪ್ರಕಟವಾಗಿ ಆಗಲೇ ಅರ್ಧ ಶತಮಾನವಾಗಿತ್ತು. ಅದರ ದಾಂಪತ್ಯಗೀತೆಗಳಿಗೆ ಬೇಕಾದುದು ಗರ್ಜನೆಯಲ್ಲ, ಮನೆಯ ಪಡಸಾಲೆಯ ಮೆಲುಮಾತು. ಅಶ್ವತ್ಥರು ತಮ್ಮ ಸಹಜವಾದ ರಭಸವನ್ನು ಅಡಗಿಸಿ, ಕವಿತೆಯ ಲಯಕ್ಕೆ ತಕ್ಕಷ್ಟೇ ನಾದವನ್ನು ಬಳಸಿದರು. ಆ ಚಿತ್ರದಿಂದ ನರಸಿಂಹಸ್ವಾಮಿಗಳಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ದೊರೆಯಿತು. ಸಂಗೀತಗಾರನ ದುಡಿಮೆಯ ಕೀರ್ತಿಯು ಕವಿಗೆ ಸಲ್ಲುವುದೆಂದರೆ, ಆ ಸಂಗೀತವು ತನ್ನ ಧರ್ಮವನ್ನು ನೆರವೇರಿಸಿತೆಂದೇ ತಿಳಿಯಬೇಕು.

1956ರಲ್ಲಿ ಕನ್ನಡ ಸೀಮೆಗಳು ಒಂದೇ ಆಡಳಿತಕ್ಕೆ ಒಳಪಟ್ಟವು. ಆದರೆ ಭೂಪಟವು ಒಂದಾದ ಮಾತ್ರಕ್ಕೆ ಕಿವಿಗಳು ಒಂದಾಗುವುದಿಲ್ಲ. ಧಾರವಾಡದ ನುಡಿಯನ್ನು ಬೆಂಗಳೂರಿನ ಗೃಹಸ್ಥನೂ, ಮೈಸೂರಿನ ನುಡಿಯನ್ನು ಗದಗಿನ ವರ್ತಕನೂ ತನ್ನದೆಂದು ಗುನುಗುವಂತಾದುದರಲ್ಲಿ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಗಳು, ಅಶ್ವತ್ಥರು ಇವರ ಪಾಲು ದೊಡ್ಡದು. ಪುಸ್ತಕವನ್ನು ಕೊಳ್ಳದವನಿಗೂ, ಅಕ್ಷರವನ್ನೇ ಅರಿಯದವನಿಗೂ ಕಾವ್ಯವು ಹೀಗೆ ಮುಟ್ಟಿತು. 2005ರ ಏಪ್ರಿಲ್ 23ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು ನಡೆಸಿದ ಕನ್ನಡವೇ ಸತ್ಯ ಎಂಬ ಗಾಯನಸಭೆಗೆ ಲಕ್ಷಕ್ಕೂ ಮೀರಿದ ಜನರು ನೆರೆದರು. ಕವಿತೆಯನ್ನು ಕೇಳುವುದಕ್ಕಾಗಿ ಅಷ್ಟು ಜನ ಸೇರಿದುದು ಸಾಮಾನ್ಯವಾದ ಮಾತಲ್ಲ.

ಗುಣಗಳನ್ನು ಹೇಳಿದಂತೆ ಆಕ್ಷೇಪಗಳನ್ನೂ ಹೇಳುವುದು ನ್ಯಾಯ. ಅವರ ಗಾಯನದಲ್ಲಿ ನಾಟಕೀಯತೆ ಹೆಚ್ಚೆಂದೂ, ವಾದ್ಯಗಳ ಅಬ್ಬರದಲ್ಲಿ ಕೆಲವು ಸೂಕ್ಷ್ಮ ಕವಿತೆಗಳು ನಲುಗಿದವೆಂದೂ ಹೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ವಾದಿಸುವುದಿಲ್ಲ. ಮೌನವಾಗಿ ಓದಿಕೊಳ್ಳಬೇಕಾದ ಕವಿತೆಯೂ ಉಂಟು. ಅದನ್ನು ವೇದಿಕೆಗೆ ತಂದರೆ ಏನೋ ಒಂದು ನಷ್ಟವಾಗಿಯೇ ತೀರುತ್ತದೆ. ಕುವೆಂಪು ಅವರ ಕವಿತೆಯು 2004ರಲ್ಲಿ ನಾಡಗೀತೆಯಾದ ಮೇಲೆ, ಅದನ್ನು ಅನಂತಸ್ವಾಮಿಗಳ ಮಟ್ಟಿನಲ್ಲಿ ಹಾಡಬೇಕೋ ಅಶ್ವತ್ಥರ ಮಟ್ಟಿನಲ್ಲಿ ಹಾಡಬೇಕೋ ಎಂಬ ಚರ್ಚೆಯು ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರವು ಅನಂತಸ್ವಾಮಿಗಳ ಮಟ್ಟನ್ನೇ ಅಂಗೀಕರಿಸಿತು. ಒಂದು ಕವಿತೆಯನ್ನು ಹೇಗೆ ಹಾಡಬೇಕೆಂಬುದು ನಾಡಿನ ವಿವಾದವಾಗುವಷ್ಟು ಮಹತ್ತ್ವ ಪಡೆದುದಕ್ಕೆ ಈ ಇಬ್ಬರೂ ಸಮಾನವಾಗಿ ಕಾರಣರು.

ಅಶ್ವತ್ಥರು 2009ರ ಡಿಸೆಂಬರ್ 29ರಂದು, ಎಪ್ಪತ್ತು ವರ್ಷಗಳು ತುಂಬಿದ ದಿನವೇ, ಬೆಂಗಳೂರಿನಲ್ಲಿ ದೈವಾಧೀನರಾದರು. ಅವರ ಕಂಠವನ್ನು ಅನುಕರಿಸುವವರು ಇಂದು ಊರೂರಿನಲ್ಲಿ ಇದ್ದಾರೆ. ಕಂಠದ ಅನುಕರಣೆ ಸುಲಭ. ಹಾಡುವ ಮುನ್ನ ಕವಿತೆಯನ್ನು ಹತ್ತು ಬಾರಿ ಓದಿ, ಅರ್ಥವಾಗದ ಪದವನ್ನು ಬಲ್ಲವರಲ್ಲಿ ಕೇಳಿ ತಿಳಿದು, ಅನಂತರವೇ ಶ್ರುತಿ ಹಿಡಿಯುವ ಶ್ರಮವನ್ನು ನಮ್ಮ ತರುಣ ಗಾಯಕರು ಕೈಕೊಳ್ಳುವುದಾದರೆ, ಅದೇ ಆ ಹಿರಿಯರಿಗೆ ಸಲ್ಲಬೇಕಾದ ಗೌರವ.