ಜರ್ನಲ್ ಹುಟ್ಟೋಕೆ ಮುಂಚೆ: ಮಾರಿನ್ ಮರ್ಸೆನ್

ಪೈಥಾನ್‌ನಲ್ಲಿ ರ‍್ಯಾಂಡಮ್ ನಂಬರ್ ತೆಗೆದವರೆಲ್ಲ ಗೊತ್ತಿಲ್ಲದೇ ಒಬ್ಬ ಸನ್ಯಾಸಿಯ ಹೆಸರಿನ ಅಲ್ಗಾರಿದಮ್ ಓಡಿಸಿದ್ದೀರಿ. ಅದರ ಹೆಸರು ಮರ್ಸೆನ್ ಟ್ವಿಸ್ಟರ್. ಈ ಮರ್ಸೆನ್ 17ನೇ ಶತಮಾನದ ಫ್ರಾನ್ಸಿನ ಕ್ರೈಸ್ತ ಸನ್ಯಾಸಿ. ಇವತ್ತು ಸಂಶೋಧಕರು ಜರ್ನಲ್‌ನಲ್ಲಿ ಬರೋ ಮುಂಚೆಯೇ ತಮ್ಮ ಪೇಪರನ್ನ ಎಲ್ಲರೂ ಓದಲಿ ಅಂತ ಹಂಚ್ತಾರಲ್ಲ, ಆ ಕೆಲಸವನ್ನ ಇವರು ಬರೀ ಪತ್ರಗಳಲ್ಲಿ ಮಾಡಿದರು. ಆಗ ಜರ್ನಲ್ ಅನ್ನೋದೇ ಇರಲಿಲ್ಲ. ಮೊದಲ ವಿಜ್ಞಾನ ಪತ್ರಿಕೆಗಳು ಬಂದಿದ್ದು 1665ರಲ್ಲಿ, ಇವರು ತೀರಿಕೊಂಡು 17 ವರ್ಷ ಆದಮೇಲೆ.

ಮರ್ಸೆನ್ ಹುಟ್ಟಿದ್ದು 1588ರಲ್ಲಿ, ಒಂದು ಸಾಧಾರಣ ಕುಟುಂಬದಲ್ಲಿ. ಲಾ ಫ್ಲೆಷ್ ಅನ್ನೋ ಊರಿನ ಜೆಸ್ಯೂಟ್ ಕಾಲೇಜಿನಲ್ಲಿ ಓದಿದರು. ಡೆಕಾರ್ಟ್ ಓದಿದ್ದೂ ಅಲ್ಲೇ. 1611ರಲ್ಲಿ ಮಿನಿಮ್ ಅನ್ನೋ ಕಠಿಣ ನಿಯಮಗಳ ಪಂಥ ಸೇರಿ, 1619ರಿಂದ ಪ್ಯಾರಿಸ್‌ನ ಮಠದಲ್ಲಿ ನೆಲೆಸಿದರು. ಅವರ ಪುಟ್ಟ ಕೋಣೆಯೇ ಯುರೋಪಿನ ವಿಜ್ಞಾನಿಗಳಿಗೆ ಅಂಚೆ ಕಚೇರಿ ಆಯ್ತು.

ಆ ಕಾಲದಲ್ಲಿ ಕಂಡುಹಿಡಿದದ್ದನ್ನ ಬಚ್ಚಿಡೋದೇ ರೂಢಿ. 1610ರಲ್ಲಿ ಶನಿಗ್ರಹದ ಬಗ್ಗೆ ಹೊಸದು ಕಂಡಾಗ ಗೆಲಿಲಿಯೋ ಅಕ್ಷರಗಳನ್ನ ಕಲಸಿ ಒಗಟು ಮಾಡಿ ಕಳಿಸಿದ್ದರು. ರೊಬೆರ್ವಾಲ್ ಅನ್ನೋ ಗಣಿತಜ್ಞರದ್ದು ಇನ್ನೂ ಕಷ್ಟ. ಅವರ ಪ್ರೊಫೆಸರ್ ಹುದ್ದೆಗೆ ಮೂರು ವರ್ಷಕ್ಕೊಮ್ಮೆ ಸ್ಪರ್ಧೆ ನಡೀತಿತ್ತು. ಗೊತ್ತಿರೋದನ್ನ ಹೇಳಿಬಿಟ್ಟರೆ ಎದುರಾಳಿ ಕಲಿತುಬಿಡ್ತಾನೆ ಅಂತ ಅವರು ಏನನ್ನೂ ಪ್ರಕಟಿಸುತ್ತಿರಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ, ತಪ್ಪು ಅನ್ನೋಕೂ ಆಗಲ್ಲ.

ಮರ್ಸೆನ್ ಇದಕ್ಕೆ ಉಲ್ಟಾ. ಒಬ್ಬರ ಪತ್ರದಲ್ಲಿ ಬಂದ ಲೆಕ್ಕವನ್ನ ಇನ್ನೊಬ್ಬರಿಗೆ ಕಳಿಸಿ, ಪ್ರಶ್ನೆ ಕೇಳಿ, ಉತ್ತರ ಬರೋ ತನಕ ಬಿಡ್ತಿರಲಿಲ್ಲ. ಯಂತ್ರಗಳ ಬಗ್ಗೆ ಗೆಲಿಲಿಯೋ ಬರೆದಿದ್ದ ಒಂದು ಕೃತಿ ಬರೀ ಕೈಬರಹದ ಪ್ರತಿಗಳಲ್ಲಿ ಓಡಾಡುತ್ತಿತ್ತು. ಗೆಲಿಲಿಯೋಗೆ ಚರ್ಚ್ ಶಿಕ್ಷೆ ಕೊಟ್ಟಿದ್ದು 1633ರಲ್ಲಿ. ಅದೇ ಚರ್ಚಿನ ಸನ್ಯಾಸಿಯಾಗಿದ್ದ ಮರ್ಸೆನ್ ಮರುವರ್ಷವೇ ಆ ಕೃತಿಯನ್ನ ಫ್ರೆಂಚಿಗೆ ತಂದು ಅಚ್ಚು ಹಾಕಿಸಿದರು! ಡೆಕಾರ್ಟ್ ಅವರ ಮೆಡಿಟೇಷನ್ಸ್ ಪುಸ್ತಕದ ಹಸ್ತಪ್ರತಿಯನ್ನಂತೂ ಮುದ್ರಣಕ್ಕೆ ಮುಂಚೆಯೇ ಹಾಬ್ಸ್, ಗಸೆಂಡಿ ಮುಂತಾದವರಿಗೆ ಕಳಿಸಿ ಆಕ್ಷೇಪಣೆ ಬರೆಸಿದರು. 1641ರಲ್ಲಿ ಪುಸ್ತಕ ಬಂದಾಗ ಆ ಆಕ್ಷೇಪಣೆಗಳು, ಡೆಕಾರ್ಟ್ ಉತ್ತರಗಳು ಎರಡೂ ಅದರಲ್ಲೇ ಇದ್ದವು.

ಹಂಚಿಕೊಂಡಿದ್ದರಿಂದ ಎಲ್ಲ ಸುಖವಾಗಿತ್ತು ಅಂತಲ್ಲ. ಮರ್ಸೆನ್ ದಾಟಿಸಿದ ಪತ್ರಗಳಲ್ಲೇ ಡೆಕಾರ್ಟ್ ಮತ್ತು ಫರ್ಮಾ ಸ್ಪರ್ಶರೇಖೆಯ ವಿಷಯಕ್ಕೆ ಜೋರಾಗಿ ಜಗಳ ಆಡಿದರು. ಆದ್ರೆ ಬಚ್ಚಿಟ್ಟವರಿಗೂ ನೆಮ್ಮದಿ ಇರಲಿಲ್ಲ. ಸೈಕ್ಲಾಯ್ಡ್ ವಕ್ರರೇಖೆಯ ಕ್ಷೇತ್ರಫಲ ಕಂಡುಹಿಡಿದು ಸುಮ್ಮನಿದ್ದ ರೊಬೆರ್ವಾಲ್, 1644ರಲ್ಲಿ ಇಟಲಿಯ ಟೊರಿಸೆಲ್ಲಿ ಅದನ್ನೇ ಪ್ರಕಟಿಸಿದಾಗ ಕಳ್ಳತನ ಅಂತ ಕೂಗಾಡಿದರು. ಟೊರಿಸೆಲ್ಲಿ ಅದನ್ನ ಸ್ವಂತವಾಗಿಯೇ ಬಿಡಿಸಿದ್ದರು.

ಮರ್ಸೆನ್ ತಮ್ಮ ಅರೆಬೆಂದ ಕೆಲಸವನ್ನೂ ಮುಚ್ಚಿಡಲಿಲ್ಲ. 2ರ ಘಾತದಿಂದ 1 ಕಳೆದರೆ ಯಾವಾಗ ಅವಿಭಾಜ್ಯ ಸಂಖ್ಯೆ ಬರುತ್ತೆ ಅಂತ ಘಾತ 257ರ ತನಕ 1644ರಲ್ಲಿ ಒಂದು ಪಟ್ಟಿ ಕೊಟ್ಟರು, ಪುರಾವೆ ಇಲ್ಲದೆ. ಅದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟೇ ಹೋಗಿದ್ದವು. ಪಟ್ಟಿ ಪೂರ್ತಿ ಸರಿಹೋಗೋಕೆ 1947 ಬರಬೇಕಾಯ್ತು. ಆದರೂ ಆ ಸಂಖ್ಯೆಗಳಿಗೆ ಇವತ್ತಿಗೂ ಅವರದೇ ಹೆಸರು.

ಕೊನೆಯ ಕಥೆ ನಮ್ಮ ಲ್ಯಾಬಿಗೆ ಸೇರಿದ್ದು. ಟೊರಿಸೆಲ್ಲಿಯ ಪಾದರಸದ ಕೊಳವೆ ಪ್ರಯೋಗದ ಸುದ್ದಿಯನ್ನ ಫ್ರಾನ್ಸಿಗೆ ತಂದವರು ಮರ್ಸೆನ್. ಪ್ಯಾರಿಸ್‌ನಲ್ಲಿ ಒಳ್ಳೆ ಗಾಜಿನ ಕೊಳವೆ ಸಿಗದೆ ಅವರ ಕೈಲಿ ಆಗಲಿಲ್ಲ. 1646ರಲ್ಲಿ ರೂಆನ್ ನಗರದಲ್ಲಿ ಪ್ಯಾಸ್ಕಲ್ ಅದನ್ನ ಮಾಡಿ ನೋಡಿದರು. ಆಮೇಲೆ 1648ರ ಸೆಪ್ಟೆಂಬರ್ 19ರಂದು ಪ್ಯಾಸ್ಕಲ್ ಅವರ ಭಾವ ಕೊಳವೆ ಹಿಡಿದು ಪ್ಯೂಯಿ ದ ಡೋಮ್ ಬೆಟ್ಟ ಹತ್ತಿದರು. ಮೇಲೆ ಹೋದಾಗ ಪಾದರಸದ ಮಟ್ಟ ಇಳಿದಿತ್ತು. ಗಾಳಿಗೆ ಒತ್ತಡ ಇದೆ ಅನ್ನೋದು ಖಚಿತವಾಯ್ತು. ನಾವು ಒತ್ತಡವನ್ನ ಪ್ಯಾಸ್ಕಲ್‌ನಲ್ಲೇ ಬರೀತೀವಿ.

ಮರ್ಸೆನ್ ಅದನ್ನ ನೋಡಲಿಲ್ಲ. 18 ದಿನ ಮುಂಚೆ, ಸೆಪ್ಟೆಂಬರ್ 1ರಂದು ತೀರಿಕೊಂಡಿದ್ದರು. ಅವರ ಕೋಣೆಯಲ್ಲಿ 78 ಜನರ ಪತ್ರಗಳು ಸಿಕ್ಕವು.