ಅಂಗಳಕ್ಕ ಬಂದ ಶಾಲೆ: ತಾರಾಬಾಯಿ ಮೋಡಕ್

ನವಲಗುಂದ, ಕುಂದಗೋಳ ಕಡೆ ಯಾವ ಹಳ್ಳಿಗೆ ಹೋದರೂ ಅಲ್ಲೊಂದು ಅಂಗನವಾಡಿ ಇರ್ತದ. ಊರಿನ ಹಿರಿಯರು ಅದಕ್ಕ ಇನ್ನೂ ಬಾಲವಾಡಿ ಅಂತಾರ. ನಮ್ಮ ಕಾಲೇಜಿನಲ್ಲೂ ಈ ಭಾಗದ ಹಳ್ಳಿಗಳಿಂದ ಬಂದವರು ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಎಷ್ಟೋ ಜನರ ಮೊದಲ ಕ್ಲಾಸ್‌ರೂಮು ಅದೇ. ಅಂಗನವಾಡಿ, ಬಾಲವಾಡಿ ಅನ್ನೋ ಎರಡೂ ಹೆಸರು ನಮ್ಮ ಬಾಯಿಗೆ ಬಂದದ್ದು ಒಬ್ಬ ಹೆಣ್ಣುಮಗಳ ಕೆಲಸದಿಂದ. ಆಕೆ ಧಾರವಾಡದವರಲ್ಲ, ಕನ್ನಡದವರೂ ಅಲ್ಲ. ಆದರೂ 1956ರವರೆಗೆ ಧಾರವಾಡ ಜಿಲ್ಲೆ ಇದ್ದದ್ದು ಮುಂಬೈ ಆಡಳಿತದಲ್ಲಿ, ಅವರು ಕೆಲಸ ಮಾಡಿದ ಅದೇ ಸೀಮೆಯಲ್ಲಿ. ಅವರ ಹೆಸರು ತಾರಾಬಾಯಿ ಮೋಡಕ್.

ತಾರಾಬಾಯಿ ಹುಟ್ಟಿದ್ದು 1892ರಲ್ಲಿ, ಮುಂಬೈಯಲ್ಲಿ. ಮನೆಯವರು ಪ್ರಾರ್ಥನಾ ಸಮಾಜದವರು. ಹೆಣ್ಣುಮಕ್ಕಳು ಓದಬೇಕು ಅನ್ನೋದರ ಬಗ್ಗೆ ಆ ಮನೆಯಲ್ಲಿ ಜಗಳ ಇರಲಿಲ್ಲ. 1914ರಲ್ಲಿ ಪದವಿ ಮುಗೀತು. ಮೋಡಕ್ ಅನ್ನೋ ವಕೀಲರನ್ನು ಮದುವೆಯಾಗಿ ಅಮರಾವತಿಗೆ ಹೋದರು. 1921ರಲ್ಲಿ ಆ ಮದುವೆ ಮುರಿಯಿತು. ಆ ಕಾಲದಲ್ಲಿ ಗಂಡನನ್ನು ಬಿಟ್ಟ ಹೆಣ್ಣು, ಜೊತೆಗೆ ಪುಟ್ಟ ಮಗಳು. ರಾಜಕೋಟಿನಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯ ಕೆಲಸ ಸಿಕ್ತು. ಸಂಬಳ, ಮಾನ, ಮನೆ ಎಲ್ಲಾ ಇದ್ದ ಕೆಲಸ ಅದು. ಅದನ್ನೂ ಬಿಟ್ಟು 1923ರಲ್ಲಿ ಭಾವನಗರಕ್ಕೆ ಹೊರಟರು.

ಭಾವನಗರದಲ್ಲಿ ಇದ್ದವರು ಗಿಜುಭಾಯಿ ಬಧೇಕಾ. ಅವರೂ ಮೊದಲು ವಕೀಲರೇ. ಮಾಂಟೆಸ್ಸರಿ ಪುಸ್ತಕ ಓದಿ ಕರಿಕೋಟು ಕಳಚಿ, 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದಿದ್ದರು. ಹೊಡೆತ ಇಲ್ಲ, ಬೈಗುಳ ಇಲ್ಲ, ಬಾಯಿಪಾಠ ಇಲ್ಲ. ಮಗು ತನಗೆ ಬೇಕಾದ ಸಾಮಾನು ತೊಗೊಂಡು ತನ್ನ ಪಾಡಿಗೆ ಕೆಲಸ ಮಾಡಬೇಕು. ದೊಡ್ಡವರು ಮೊದಲು ನೋಡಬೇಕು, ಆಮೇಲೆ ಬೇಕಾದರೆ ಬಾಯಿ ತೆಗೀಬೇಕು. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಮುಂದೆ ತಾರಾಬಾಯಿ ಮುಂಬೈಗೆ ವಾಪಸು ಬಂದು ದಾದರಿನಲ್ಲಿ ಶಿಶುವಿಹಾರ ನಡೆಸಿದರು.

ಇಲ್ಲಿ ಮಾಂಟೆಸ್ಸರಿ ಬಗ್ಗೆ ಒಂದು ಮಾತು. ಮರಿಯಾ ಮಾಂಟೆಸ್ಸರಿ ಇಂಜಿನಿಯರ್ ಆಗಬೇಕಂತ ತಾಂತ್ರಿಕ ಶಾಲೆ ಸೇರಿದ ಹುಡುಗಿ. ಆಮೇಲೆ ಮನಸ್ಸು ಬದಲಿಸಿ ಡಾಕ್ಟರ್ ಆದರು. ಇವತ್ತು ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಬೋರ್ಡು ಕಂಡರೆ ಮೊದಲು ಫೀ ನೆನಪಾಗ್ತದ. ಆದರೆ 1907ರಲ್ಲಿ ಅವರು ಮೊದಲ ಮನೆ ತೆರೆದದ್ದು ರೋಮಿನ ಕೂಲಿಕಾರರ ಕೇರಿಯಲ್ಲಿ. ಅವರ ಸಾಮಾನುಗಳಲ್ಲಿ ಇಂಜಿನಿಯರ್ ಬುದ್ಧಿ ಕಾಣ್ತದ. ಗುಲಾಬಿ ಬಣ್ಣದ ಹತ್ತು ಘನಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಬಣ್ಣ ಒಂದೇ, ಆಕಾರ ಒಂದೇ, ಬದಲಾಗೋದು ಅಳತೆ ಮಾತ್ರ. ತಪ್ಪು ಇಟ್ಟರೆ ಮಗುವಿನ ಕಣ್ಣಿಗೇ ಕಾಣ್ತದ, ಟೀಚರ್ ಹೇಳಬೇಕಾಗಿಲ್ಲ. ಒಂದು ವೇರಿಯಬಲ್ ಬಿಟ್ಟು ಉಳಿದದ್ದನ್ನೆಲ್ಲ ಸ್ಥಿರ ಇಡೋದು ನಮ್ಮ ಲ್ಯಾಬಿನಲ್ಲೂ ಕಲಿಸ್ತಾರಲ್ಲ, ಅದೇ.

ತೊಂದರೆ ಅಂದ್ರೆ ಇಷ್ಟು ಕರಾರುವಾಕ್ಕಾದ ಮರದ ಸಾಮಾನು ದುಬಾರಿ. ದಾದರಿನ ಅಪ್ಪ-ಅಮ್ಮಂದಿರಿಗೆ ನಡೀತದ, ಹಳ್ಳಿಗೆ ಹೆಂಗ? ಈ ಪ್ರಶ್ನೆ ಹೊತ್ತುಕೊಂಡು, ಐವತ್ತು ದಾಟಿದ ಮೇಲೆ, 1945ರಲ್ಲಿ ತಾರಾಬಾಯಿ ಮುಂಬೈಯ ಉತ್ತರಕ್ಕಿರುವ ಸಮುದ್ರದಂಡೆಯ ಬೋರ್ಡಿ ಅನ್ನೋ ಊರಿಗೆ ಹೋಗಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರನೇ ವಯಸ್ಸಿಗೆ ಮದುವೆಯಾಗಿ ಆರೇ ತಿಂಗಳಿಗೆ ವಿಧವೆಯಾಗಿ, ಹಟ ಹಿಡಿದು ಓದಿ ಶಿಕ್ಷಕಿಯಾಗಿದ್ದವರು.

ಬಾಲವಾಡಿ ಶುರುವಾಯ್ತು. ಬಡ ಕೇರಿಯ ಮಕ್ಕಳು ಮಾತ್ರ ಬರಲಿಲ್ಲ. ನನಗೆ ಇವರ ಬದುಕಿನಲ್ಲಿ ಬಹಳ ಹಿಡಿಸಿದ ಭಾಗ ಇದು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಏನಾಗ್ತದ? ತಂದೆತಾಯಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ ಅಂತ ವರದಿ ಬರೀತಾರ, ಫೈಲು ಮುಚ್ಚತಾರ. ತಾರಾಬಾಯಿ ಯಾಕ ಬರಲಿಲ್ಲ ಅಂತ ನೋಡಿದರು. ಅವ್ವ-ಅಪ್ಪ ಕೂಲಿಗೆ ಹೋಗಿರ್ತಾರ. ಏಳೆಂಟು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರ್ತದ. ಹುಡುಗರು ದನದ ಹಿಂದೆ. ಮನೆ ಕಾಯಬೇಕು, ನೀರು ತರಬೇಕು. ಶಾಲೆಗೆ ಬರಲಿಕ್ಕೆ ಆ ಮಕ್ಕಳಿಗೆ ಪುರಸೊತ್ತೇ ಇಲ್ಲ.

ಹಂಗಿದ್ದ ಮೇಲೆ ಶಾಲೆಯೇ ಅವರ ಮನೆಗೆ ಹೋಗಬೇಕು. ಶಿಕ್ಷಕಿಯರು ಕೇರಿಗೆ ಹೋಗಿ ಯಾರದೋ ಮನೆ ಮುಂದೆ, ಗಿಡದ ನೆರಳಿಗೆ ಕೂತರು. ಮೊದಲ ಕೆಲಸ ಅಕ್ಷರ ಅಲ್ಲ, ಕಸಬರಿಗೆ. ಅಂಗಳ ಗುಡಿಸಿ, ಮಕ್ಕಳ ಮುಖ ತೊಳೆದು, ಉಗುರು ಕತ್ತರಿಸಿ, ತಲೆ ಬಾಚಿ, ಆಮೇಲೆ ಹಾಡು, ಕಥೆ, ಆಟ. ಆ ಕಾಲದಲ್ಲಿ ದಲಿತ ಕೇರಿಯ ಮಗುವಿನ ತಲೆಯನ್ನು ಹೊರಗಿನ ಹೆಣ್ಣುಮಗಳು ಮುಟ್ಟಿ ಬಾಚೋದು ಸಣ್ಣ ಮಾತಲ್ಲ. ಮಗುವಿನ ಮೈ ಸ್ವಚ್ಛ ಮಾಡುವ ಕೆಲಸ ಆಯಾಳದು, ಕಲಿಸುವ ಕೆಲಸ ಟೀಚರದು ಅನ್ನೋ ಭೇದ ಅಲ್ಲಿ ಇರಲಿಲ್ಲ. ಆ ಕೈಯಲ್ಲೇ ಮಗುವಿಗೆ ನಂಬಿಕೆ ಬರಬೇಕು, ಆಮೇಲೆ ಅದು ಬಾಯಿ ಬಿಡ್ತದ. ಇದಕ್ಕೇ ಅಂಗಣ ಬಾಲವಾಡಿ ಅಂತ ಹೆಸರಾಯ್ತು. ಮರಾಠಿಯ ಅಂಗಣ ನಮ್ಮ ಅಂಗಳ. ವಾಡಿ ಅಂದ್ರೆ ತೋಟ.

ದುಬಾರಿ ಸಾಮಾನಿನ ಲೆಕ್ಕವೂ ಅಲ್ಲೇ ಬಗೆಹರೀತು. ಕಲ್ಲು, ಚಿಪ್ಪು, ಬೀಜ, ಎಲೆ, ಮಣ್ಣು. ಸಣ್ಣದು-ದೊಡ್ಡದು, ಹಗುರ-ಭಾರ, ನುಣುಪು-ಒರಟು ಬೇರೆ ಮಾಡಲಿಕ್ಕೆ ಗುಲಾಬಿ ಘನವೇ ಆಗಬೇಕಂತಿಲ್ಲ. ತತ್ವ ಅದೇ ಉಳೀತು, ಮೆಟೀರಿಯಲ್ ಬದಲಾಯ್ತು. ನಮ್ಮ ಎರಿ ಸೀಮೆಯಲ್ಲಾದರೆ ಜೋಳ, ಕಡಲಿ, ಹೆಸರು, ಹುಣಸಿ ಬೀಜ ಇವೆ. ಅಣ್ಣಿಗೇರಿ ಕಡೆಯ ಒಂದು ಅಂಗನವಾಡಿಯಲ್ಲಿ ಅಕ್ಕೋರು ಮರದ ತುಂಬ ಕಾಳು ಕಲಸಿ ಇಟ್ಟು, ನಾಲ್ಕು ವರ್ಷದ ಮಗುವಿಗೆ ಬೇರೆ ಮಾಡು ಅಂದರೆ ಅದೂ ಇದೇ ಪಾಠ. ಮೂರರೊಳಗಿನ ಕೂಸುಗಳ ಕೈಗೆ ಮಾತ್ರ ಕಾಳು ಕೊಡಬಾರದು. ಅವು ಮೂಗಿಗೂ ಬಾಯಿಗೂ ತುರುಕಿಕೊಳ್ಳತಾವ.

1957ರಲ್ಲಿ ಕೇಂದ್ರ ಬೋರ್ಡಿಯಿಂದ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಯ್ತು. ಅಲ್ಲಿದ್ದವರು ವಾರ್ಲಿ ಆದಿವಾಸಿಗಳು. ಅಲ್ಲಿ ಕೂಸುಗಳಿಗೆ ಶಿಶುಗೃಹ, ಸಣ್ಣವರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿ ವಿಕಾಸವಾಡಿ ಅಂತ ಕರೆದರು. ಸೊಂಟದ ಮೇಲಿನ ಕೂಸನ್ನು ಮನೆಯಲ್ಲಿ ಬಿಟ್ಟು ಬಾ ಅನ್ನೋದರ ಬದಲು ಕೂಸಿಗೂ ಒಂದು ಜಾಗ ಮಾಡಿದರು. ಕೂಸು ಪಕ್ಕದಲ್ಲೇ ಇದ್ದರೆ ಅಕ್ಕನಿಗೆ ಪುಸ್ತಕ ಹಿಡಿಯಲಿಕ್ಕೆ ಎರಡೂ ಕೈ ಸಿಗ್ತಾವ. ದನ ಕಾಯುವ ಹುಡುಗರಿಗೋಸ್ಕರ ಕುರಣ ಶಾಲೆ, ಅಂದ್ರೆ ಹುಲ್ಲುಗಾವಲಿನ ಶಾಲೆ ನಡೆಸಿದರು. ದನ ಮೇಯುವಲ್ಲಿಗೇ ಶಿಕ್ಷಕರು ಹೋಗೋದು. 1962ರಲ್ಲಿ ತಾರಾಬಾಯಿಗೆ ಪದ್ಮಭೂಷಣ ಬಂತು. 1973ರಲ್ಲಿ ತೀರಿಕೊಂಡರು. ಅನುತಾಯಿ 1992ರಲ್ಲಿ ತೀರಿಕೊಳ್ಳುವವರೆಗೆ ಆ ಕೆಲಸ ಬಿಡಲಿಲ್ಲ.

ಅವರು ಹೋದ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಸರ್ಕಾರ ಅಂಗಳದ ಹೆಸರನ್ನು ತೊಗೊಂಡಿತು, ಪೌಷ್ಟಿಕ ಆಹಾರ, ಚುಚ್ಚುಮದ್ದು ಸೇರಿಸಿತು. ಅದು ದೊಡ್ಡ ಕೆಲಸವೇ. ತೂಕ ಕಮ್ಮಿ ಇರುವ ಮಗುವಿಗೆ ಮೊಟ್ಟೆ ಸಿಗೋದನ್ನ ಹಗುರವಾಗಿ ನೋಡಬಾರದು. ಆದರೆ ಅಕ್ಕೋರ ಹೊತ್ತು ಸಾಕಷ್ಟು ರಿಜಿಸ್ಟರಿಗೆ, ಸರ್ವೇಗೆ, ಈಗ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹೋಗ್ತದ. ಅವರಿಗೆ ಕೊಡೋದಕ್ಕೆ ಇನ್ನೂ ಸಂಬಳ ಅನ್ನಂಗಿಲ್ಲ, ಗೌರವಧನ. ಇನ್ನೊಂದು ಕಡೆ ಪಾಲಕರು ಮೂರು ವರ್ಷದ ಮಗುವಿಗೆ ಎಬಿಸಿಡಿ ಬರೀಲಿಕ್ಕೆ ಹಚ್ಚರಿ ಅಂತಾರ, ಇಲ್ಲಾಂದ್ರ ಪ್ಯಾಟಿಯಿಂದ ಬರುವ ಕಾನ್ವೆಂಟಿನ ವ್ಯಾನು ಹತ್ತಿಸ್ತಾರ. ಬೆರಳಿಗೆ ಇನ್ನೂ ಗುಂಡಿ ಹಾಕಲಿಕ್ಕೆ ಬರದ ಮಗು ಪೆನ್ಸಿಲ್ ಹಿಡಿದು ಅಳ್ತಿರ್ತದ. ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನಿ ನಾಡಿಗೆಲ್ಲ ಹೆಸರಾಗಿವೆ. ಆ ತೊಟ್ಟಿಲಿಂದ ಇಳಿದ ಮಗು ಜಮಖಾನಿ ಮೇಲೆ ಮೂರು ವರ್ಷ ಏನು ಮಾಡಬೇಕು ಅನ್ನೋದರ ಬಗ್ಗೆ ನಮ್ಮಲ್ಲಿ ಅಷ್ಟು ಮಾತಿಲ್ಲ.

ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಇಲ್ಲಿಯೂ ಅವ್ವಂದಿರು ಬೆಳಿಗ್ಗೆ ಬೇಗ ಹೊಲಕ್ಕ ಹೋಗ್ತಾರ. ಮಧ್ಯಾಹ್ನ ಅಂಗನವಾಡಿ ಮುಚ್ಚಿದ ಮೇಲೆ ಕೂಸು ಮತ್ತೆ ಅಕ್ಕನ ಸೊಂಟಕ್ಕ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ನರೇಗಾ ಕೆಲಸದ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಕೋಸಬಾಡ ಗುಡ್ಡದ ಮೇಲೆ ಶಾಲೆಗೆ ಅಂಟಿಕೊಂಡೇ ಇದ್ದ ಶಿಶುಗೃಹದ ಲೆಕ್ಕ ಇದು. ನಿಮ್ಮೂರಿನ ಪಂಚಾಯಿತಿಯಲ್ಲಿ ಅದು ಶುರುವಾಗ್ಯದೋ ಇಲ್ಲೋ, ಅಕ್ಕೋರು ಯಾವಾಗ ಬಾಗಿಲು ಹಾಕ್ತಾರ, ಹೊಲದಿಂದ ಅವ್ವಂದಿರು ಎಷ್ಟೊತ್ತಿಗೆ ಬರ್ತಾರ, ರಜೆಗೆ ಹೋದಾಗ ಕೇಳಿ ನೋಡ್ರಿ.