ಬಿಳಿ ಉಡುಪಿನ ಬೆಟ್ಟಗಾತಿ: ಲೂಸಿ ವಾಕರ್

ಕಳೆದ ವರ್ಷ ಮಂಡಿನೋವು ಶುರುವಾದಾಗ ಡಾಕ್ಟರು ನನಗೆ ದಿನಾ ನಡೆಯಲು ಹೇಳಿದರು. ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ರಾತ್ರಿ ಅಮೆರಿಕದವರ ಜೊತೆ ಕಾಲ್ ಮುಗಿಸಿ ಮಲಗುವವಳು ನಾನು. ಮೂವತ್ತೈದಕ್ಕೇ ಈ ಮಾತು ಕೇಳಬೇಕಾಯಿತಲ್ಲ ಎಂದು ಬೇಸರವಾಗಿತ್ತು. ಆ ದಿನಗಳಲ್ಲೇ ಲೂಸಿ ವಾಕರ್ ಬಗ್ಗೆ ಓದಿದೆ. ಆಕೆಗೂ ಸಂಧಿವಾತಕ್ಕೆ ಡಾಕ್ಟರು ಸೂಚಿಸಿದ್ದು ನಡಿಗೆಯನ್ನೇ. ಆಕೆ ನಡೆಯುತ್ತ ನಡೆಯುತ್ತ ಆಲ್ಪ್ಸ್ ಶಿಖರಗಳನ್ನೇ ಹತ್ತಿಬಿಟ್ಟಳು!

ಲೂಸಿ ಹುಟ್ಟಿದ್ದು 1836ರಲ್ಲಿ, ಇಂದಿನ ಕೆನಡಾದಲ್ಲಿ. ಬೆಳೆದದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ಫ್ರಾಂಕ್ ಸೀಸದ ವ್ಯಾಪಾರಿ. ಅವರಿಗೂ ತಮ್ಮ ಹೊರೇಸ್‌ಗೂ ಬೆಟ್ಟದ ಹುಚ್ಚು. 1858ರ ಸುಮಾರಿಗೆ ಲೂಸಿಯೂ ಅವರ ಜೊತೆ ಹೊರಟಳು. ಸ್ವಿಟ್ಜರ್ಲೆಂಡಿನ ಮೆಲ್ಕಿಯರ್ ಆಂಡರೆಗ್ ಎಂಬ ಮಾರ್ಗದರ್ಶಿ ಮುಂದೆ ಹೋಗಿ ಹಿಮದಲ್ಲಿ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತಿದ್ದ. ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಗಂಡಸರು ಪ್ಯಾಂಟು ಹಾಕಿ ಹತ್ತುತ್ತಿದ್ದ ಆ ಕಡಿದಾದ ಬಂಡೆಗಳನ್ನು ಲೂಸಿ ಹತ್ತಿದ್ದು ಉದ್ದನೆಯ ಲಂಗದಲ್ಲಿ. ಆಕೆಯ ಹಳೆಯ ಬಿಳಿ ಉಡುಪು ಪ್ರಸಿದ್ಧವೇ ಆಗಿಹೋಯಿತು. ಬುತ್ತಿಗೆ ಸ್ಪಾಂಜ್ ಕೇಕ್ ಮತ್ತು ಶಾಂಪೇನ್!

1864ರಲ್ಲಿ ತಂದೆ, ಮಗ, ಮಗಳು ಮೂವರೂ ಮಾರ್ಗದರ್ಶಿಗಳೊಂದಿಗೆ 3698 ಮೀಟರ್ ಎತ್ತರದ ಬಾಲ್ಮ್‌ಹಾರ್ನ್ ಏರಿದರು. ಅದುವರೆಗೆ ಯಾರೂ ಅದರ ತುದಿ ಮುಟ್ಟಿರಲಿಲ್ಲ. ಅದೇ ವರ್ಷ ಐಗರ್ ಶಿಖರವನ್ನು ಏರಿದ ಮೊದಲ ಮಹಿಳೆಯೂ ಲೂಸಿಯೇ ಆದಳು.

ಉಳಿದದ್ದು 4478 ಮೀಟರ್‌ನ ಮ್ಯಾಟರ್‌ಹಾರ್ನ್. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ ಅದನ್ನು ಮೊದಲ ಬಾರಿಗೆ ಏರಿತ್ತು. ಆದರೆ ಇಳಿಯುವಾಗ ಹಗ್ಗ ತುಂಡಾಗಿ, ಏಳು ಜನರಲ್ಲಿ ನಾಲ್ವರು ಬಿದ್ದು ಸತ್ತಿದ್ದರು. ಆ ಭಯ ಮಾಸುವ ಮೊದಲೇ, ಅಮೆರಿಕದ ಮೆಟಾ ಬ್ರೆವೂರ್ಟ್ ಎಂಬಾಕೆ ಆ ಶಿಖರಕ್ಕೆ ಸಿದ್ಧತೆ ನಡೆಸಿರುವ ಸುದ್ದಿ ಲೂಸಿಯ ಕಿವಿಗೆ ಬಿತ್ತು. ಲೂಸಿ ತಡಮಾಡಲಿಲ್ಲ. 1871ರ ಜುಲೈನಲ್ಲಿ, ಅರವತ್ತು ದಾಟಿದ ತಂದೆ ಹಾಗೂ ಮೆಲ್ಕಿಯರ್ ಜೊತೆ ತುದಿ ತಲುಪಿದಳು. ಮ್ಯಾಟರ್‌ಹಾರ್ನ್ ಏರಿದ ಮೊದಲ ಮಹಿಳೆ! ಮೆಟಾ ಕೂಡ ಕೈಚೆಲ್ಲಿ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಒಂದು ಕಡೆಯಿಂದ ಹತ್ತಿ ಇಟಲಿಯ ಕಡೆ ಇಳಿದ ಮೊದಲ ಮಹಿಳೆಯಾದಳು.

ಇಷ್ಟಾದರೂ ಲಂಡನ್ನಿನ ಆಲ್ಪೈನ್ ಕ್ಲಬ್‌ನಲ್ಲಿ ಲೂಸಿಗೆ ಜಾಗವಿರಲಿಲ್ಲ. 1857ರಲ್ಲಿ ಶುರುವಾದ ಆ ಕ್ಲಬ್ ಹೆಂಗಸರಿಗೆ ಬಾಗಿಲು ತೆರೆದದ್ದು 1970ರ ದಶಕದಲ್ಲಿ. 1907ರಲ್ಲಿ ಮಹಿಳೆಯರು ತಮ್ಮದೇ ಲೇಡೀಸ್ ಆಲ್ಪೈನ್ ಕ್ಲಬ್ ಕಟ್ಟಿಕೊಂಡರು. 1913ರಲ್ಲಿ ಲೂಸಿ ಅದರ ಅಧ್ಯಕ್ಷೆಯಾದಳು.

1879ರಲ್ಲಿ ಡಾಕ್ಟರು ಇನ್ನು ಶಿಖರ ಬೇಡ ಎಂದರು. ಲೂಸಿ ಶಿಖರ ಬಿಟ್ಟಳು, ಬೆಟ್ಟ ಬಿಡಲಿಲ್ಲ. ಸ್ವಿಟ್ಜರ್ಲೆಂಡಿಗೆ ಬಂದು ತಗ್ಗಿನ ದಾರಿಗಳಲ್ಲಿ ಹಳೆಯ ಗೆಳೆಯರೊಂದಿಗೆ ನಡೆಯುತ್ತಿದ್ದಳು. 1916ರಲ್ಲಿ ತೀರಿಕೊಂಡಳು.

ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ತೊಂಬತ್ತಕ್ಕೂ ಹೆಚ್ಚು ಬಾರಿ ಪರ್ವತಕ್ಕೆ ಹೊರಟ ಲೂಸಿ ತನ್ನ ಅನುಭವವನ್ನು ಪ್ರಕಟಿಸಲೇ ಇಲ್ಲ. ಅವಳ ಬಗ್ಗೆ ನಮಗೆ ತಿಳಿದಿರುವುದು ಬೇರೆಯವರು ಬರೆದಿಟ್ಟದ್ದರಿಂದ. ಭಯವಾಗಿತ್ತೆ? ಒದ್ದೆ ಲಂಗ ಭಾರವಾಗಿತ್ತೆ? ಕೇಳಲು ಅವಳಿಲ್ಲ. ನಮ್ಮ ಆಫೀಸಿನಲ್ಲಿ ಕೋಡ್‌ನ ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬುದಕ್ಕೆಲ್ಲ ದಾಖಲೆ ಇರುತ್ತದೆ. ಆದರೆ ಪರಊರಿನಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ, ರಾಜ್ಯೋತ್ಸವಕ್ಕೆ ಬೆಳಗಿನ ಜಾವ ಎದ್ದು ಬಿಸಿಬೇಳೆಬಾತ್ ಮಾಡಿದ ನಮ್ಮ ಅಕ್ಕಂದಿರದ್ದು ಎಲ್ಲಿದೆ? ಬರೆಯಲು ಬರುವುದಿಲ್ಲ ಎಂದು ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿದ್ದ ನಾನು ಈ ಸಲ ಒಪ್ಪಿದ್ದು ಇದೇ ಕಾರಣಕ್ಕೆ.

ಅಂದಹಾಗೆ, ಹೋದ ತಿಂಗಳು ಗೆಳತಿಯರ ಜೊತೆ ಪುಣೆಯ ಸಿಂಹಗಡ ಹತ್ತಲು ಹೋಗಿದ್ದೆ. ಅರ್ಧ ದಾರಿಯಲ್ಲೇ ಮಂಡಿ ಕೈಕೊಟ್ಟಿತು. ಅವರೂ ಮೇಲೆ ಹೋಗದೆ ನನ್ನ ಜೊತೆ ಕೂತು ಮಜ್ಜಿಗೆ ಕುಡಿದರು. ಮುಂದಿನ ಭಾನುವಾರ ಮತ್ತೆ ಹೊರಟಿದ್ದೇವೆ. ತುದಿ ಮುಟ್ಟಿದರೂ ಮುಟ್ಟದಿದ್ದರೂ ಬರೆದಿಡುತ್ತೇನೆ.